ಡಿಸ್ನಿಯ ಕಾಡಿನಲ್ಲಿ ನಾಲ್ಕು ರಾತ್ರಿ

ಅಪ್ಪಯ್ಯ, ಆಯಿ ಸಿದ್ದಾಪುರದಿಂದ ಅಟ್ಲಾಂಟಾಕ್ಕೆ ಬಂದು ಎರಡು ತಿಂಗಳಾಗಿತ್ತು. ಸಿಕ್ಕ ಸ್ನೇಹಿತರೆಲ್ಲ ಕೇಳುತ್ತಿದ್ದುದು ಒಂದೇ ಮಾತು: "ಡಿಸ್ನಿ ತೋರಿಸಿದ್ರಾ?" ತೋರಿಸಬೇಕೆಂಬ ಆಸೆ ನನಗೂ ಇತ್ತು. ಆದರೆ ಅಪ್ಪಯ್ಯನ ಬಲಮೊಣಕಾಲು ಅರ್ಧ ಗಂಟೆ ನಿಂತರೆ ಊದಿಕೊಳ್ಳುತ್ತದೆ. ಮೂರು ವರ್ಷದ ಹಿಂದೆ ನಾವು ನಾಲ್ವರೇ ಅಲ್ಲಿಗೆ ಹೋಗಿದ್ದಾಗ ದಿನಕ್ಕೆ ಹತ್ತು ಮೈಲಿ ನಡೆದದ್ದು, ಸಾಲಿನಲ್ಲಿ ನಿಂತದ್ದು, ಸಂಜೆಗೆ ಮಗ ನೆಲದ ಮೇಲೆ ಕೂತು ಅತ್ತದ್ದು ನನಗೆ ಚೆನ್ನಾಗಿ ನೆನಪಿದೆ. ಹಬ್ಬದ ವಾರದಲ್ಲಿ ಒಬ್ಬರಿಗೆ ಒಂದು ದಿನದ ಟಿಕೆಟ್ಟೇ 150 ಡಾಲರ್ ದಾಟುತ್ತದೆ. ಆರು ಜನಕ್ಕೆ ಅಷ್ಟು ಸುರಿದು, ಅಪ್ಪಯ್ಯನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಜನಜಂಗುಳಿಯಲ್ಲಿ ಅಲೆಸುವುದಕ್ಕೆ ಮನಸ್ಸು ಒಪ್ಪಲಿಲ್ಲ.

ದಾರಿ ಹುಡುಕಿದವರು ನಮ್ಮ ಯಜಮಾನರು. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಒಳಗೇ ಫೋರ್ಟ್ ವೈಲ್ಡರ್‌ನೆಸ್ ಎಂಬ ಕ್ಯಾಂಪಿಂಗ್ ಜಾಗವಿದೆ. ಅಲ್ಲಿನ ಮೊದಲ ಪಾರ್ಕು ಮ್ಯಾಜಿಕ್ ಕಿಂಗ್‌ಡಮ್ 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದರೆ, ಇದು ಅದೇ ವರ್ಷ ನವೆಂಬರ್ 19ರಂದು ಶುರುವಾಯಿತು. ಬೇ ಲೇಕ್ ಎಂಬ ಕೆರೆಯ ದಂಡೆಯಲ್ಲಿ 750 ಎಕರೆ ಪೈನ್ ಮತ್ತು ಸೈಪ್ರಸ್ ಕಾಡು. ಅದರೊಳಗೆ ಟೆಂಟಿಗೆ, ಗಾಲಿಮನೆಗಳಿಗೆ ಸುಮಾರು 800 ಜಾಗಗಳು, ಜೊತೆಗೆ ಕ್ಯಾಬಿನ್‌ಗಳು. ಒಂದು ಜಾಗದಲ್ಲಿ ಹತ್ತು ಜನರವರೆಗೆ ಇರಬಹುದು. ಪಾರ್ಕಿನ ಟಿಕೆಟ್ ಇರಲೇಬೇಕೆಂದಿಲ್ಲ. ಒಂದು ದಿನದ ಆರು ಟಿಕೆಟ್ಟಿಗೆ ಆಗುವ ಹಣದೊಳಗೆ ನಮ್ಮ ನಾಲ್ಕು ರಾತ್ರಿಯ ಬಾಡಿಗೆ ಮುಗಿದುಹೋಯಿತು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಜಾಗ ಬೇಗ ತುಂಬುತ್ತದೆ. ಅಪ್ಪಯ್ಯನ ವೀಸಾ ಬಂದ ದಿನವೇ ಕಾಯ್ದಿರಿಸಿದ್ದೆವು.

ಮಕ್ಕಳಿಗೆ ಮೊದಲೇ ಸ್ಪಷ್ಟವಾಗಿ ಹೇಳಿದ್ದೆ: ಈ ಸಲ ಪಾರ್ಕಿನೊಳಗೆ ಹೋಗುವುದಿಲ್ಲ. ಹನ್ನೆರಡು ವರ್ಷದ ಮಗಳು ಒಪ್ಪಿದಳು. ಎಂಟು ವರ್ಷದ ಮಗ ಮಾತಾಡಲಿಲ್ಲ.

ಭಾನುವಾರ

ಬೆಳಗಿನ ಐದೂವರೆಗೆ ಮನೆ ಬಿಟ್ಟೆವು. ಐ-75 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು 450 ಮೈಲಿ. ಮೇಕನ್ ದಾಟಿದ ಮೇಲೆ ಹತ್ತಿ ಹೊಲಗಳು ಶುರುವಾದವು. ಕೊಯ್ಲು ಮುಗಿದು, ಪ್ಲಾಸ್ಟಿಕ್ ಸುತ್ತಿದ ದೊಡ್ಡ ದೊಡ್ಡ ಹತ್ತಿ ಉರುಳೆಗಳು ಹೊಲದಂಚಿನಲ್ಲಿ ಸಾಲಾಗಿ ಕೂತಿದ್ದವು. ಅಪ್ಪಯ್ಯ ಕಿಟಕಿಗೆ ಹಣೆ ಹಚ್ಚಿ ಎಣಿಸುತ್ತಲೇ ಇದ್ದರು. ದಕ್ಷಿಣ ಜಾರ್ಜಿಯಾದಲ್ಲಿ ರಸ್ತೆ ಪಕ್ಕ ಉಪ್ಪುನೀರಲ್ಲಿ ಬೇಯಿಸಿದ ಶೇಂಗಾ ಮಾರುತ್ತಾರೆ. ಒಂದು ದೊಡ್ಡ ಕಪ್ ಕೊಂಡೆವು. ಬಿಸಿ ಸಿಪ್ಪೆ ಒತ್ತಿದರೆ ಒಳಗಿನ ಉಪ್ಪುನೀರು ಬೆರಳ ಮೇಲೆ ಹರಿಯುತ್ತದೆ. ನಮ್ಮಲ್ಲಿ ಹಸಿ ಶೇಂಗಾ ಬೇಯಿಸಿದ ರುಚಿಯೇ. ಆಯಿ ಅರ್ಧ ಕಪ್ಪನ್ನು ರಾತ್ರಿಗೆಂದು ಎತ್ತಿಟ್ಟರು.

ಎರಡೂವರೆಗೆ ಫೋರ್ಟ್ ವೈಲ್ಡರ್‌ನೆಸ್‌ಗೆ ಬಂದೆವು. ಜಾಗಗಳನ್ನು ಸುತ್ತುದಾರಿಗಳಾಗಿ ವಿಂಗಡಿಸಿ ನೂರರ ಲೆಕ್ಕದಲ್ಲಿ ಅಂಕಿ ಕೊಟ್ಟಿದ್ದಾರೆ. ಪ್ರತಿಯೊಂದಕ್ಕೂ ಹೆಸರಿದೆ. ಟೆಂಟಿನವರಿಗೆ 1500 ಮತ್ತು 2000. ನಮಗೆ ಸಿಕ್ಕಿದ್ದು 2000, ಹೆಸರು ಸ್ಪ್ಯಾನಿಷ್ ಮಾಸ್ ಲೇನ್. ಟೆಂಟು ಹೊಡೆಯಲು ಹರವಿದ ಮರಳು, ಒಂದು ಉದ್ದನೆಯ ಮೇಜು, ಕಂಬದ ಮೇಲೆ ಕೂರಿಸಿದ ಇದ್ದಿಲೊಲೆ, ನೀರಿನ ನಲ್ಲಿ, ಕರೆಂಟು. ಕರೆಂಟು ಇದೆ ಎಂದು ಗೊತ್ತಾಗಿದ್ದರಿಂದ ಅನ್ನದ ಕುಕ್ಕರ್ ತಂದಿದ್ದೆ. ನಾಲ್ಕು ದಿನದ ಊಟದ ಚಿಂತೆ ಅಲ್ಲಿಗೇ ಅರ್ಧ ಕಳೆಯಿತು.

ನವೆಂಬರಿನಲ್ಲಿ ಅಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಎರಡು ಟೆಂಟು ನಿಲ್ಲಿಸಿ, ಅಪ್ಪಯ್ಯ ಆಯಿಗೆ ಮಡಚುವ ಮಂಚ ಹಾಕಿ, ಮೇಲೆ ಕಂಬಳಿ ಹೊದಿಸುವಷ್ಟರಲ್ಲಿ ಕತ್ತಲಾಯಿತು. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಅಪ್ಪಯ್ಯನೇ ಮುಂದೆ ಬಂದು, ಗೂಟವನ್ನು ಹಗ್ಗದ ಎಳೆತಕ್ಕೆ ವಿರುದ್ಧವಾಗಿ ಓರೆ ಹೊಡೆಸಿ, ತಲೆಯ ಮೇಲೆ ಭಾರಕ್ಕೆ ನೀರಿನ ಕ್ಯಾನ್ ಇಡಿಸಿದರು. ಅಡಿಕೆ ಚಪ್ಪರ ಹಾಕಿಸಿದ ಐವತ್ತು ವರ್ಷದ ಅನುಭವ ಅದು.

ಸ್ನಾನದ ಮನೆ ನೂರು ಹೆಜ್ಜೆ ದೂರ. ಸುರಿಯುವ ಬಿಸಿನೀರು, ಬಟ್ಟೆ ಒಗೆಯುವ ಯಂತ್ರ ಎಲ್ಲ ಇತ್ತು. ಆಯಿಗೆ ಇದ್ದ ದೊಡ್ಡ ಆತಂಕ ಬಚ್ಚಲಿನದ್ದೇ. ಅದನ್ನು ಕಣ್ಣಾರೆ ನೋಡಿಬಂದ ಮೇಲೆ ಅವರ ಮುಖ ತಿಳಿಯಾಯಿತು. ರಾತ್ರಿ ಹತ್ತರ ನಂತರ ಸದ್ದು ಮಾಡುವಂತಿಲ್ಲ. ಆ ನಿಯಮವನ್ನು ಎಲ್ಲರೂ ಪಾಲಿಸುತ್ತಾರೆ. ಮಲಗಿದಾಗ ದೂರದಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ಉಗಿಬಂಡಿಯ ಶಿಳ್ಳೆ ಕೇಳಿತು. ಅದು ನಿಂತ ಮೇಲೆ ಗೂಬೆ.

ಸೋಮವಾರ

ಬೆಳಗ್ಗೆ ಟೆಂಟಿನ ಜಿಪ್ ಸರಿಸಿದಾಗ ಅಪ್ಪಯ್ಯ ಆಗಲೇ ಎದ್ದು, ಶಾಲು ಹೊದ್ದು, ಓಕ್ ಮರದ ಕೆಳಗೆ ನಿಂತಿದ್ದರು. ಕೊಂಬೆಗಳಿಂದ ಮೊಳದುದ್ದದ ಬೂದುಬಣ್ಣದ ಜಟೆಗಳು ಇಳಿಬಿದ್ದಿದ್ದವು. ಸುತ್ತುದಾರಿಯ ಹೆಸರಿನ ಸ್ಪ್ಯಾನಿಷ್ ಮಾಸ್ ಅದೇ. ಹೆಸರಿಗೆ ಪಾಚಿ, ಆದರೆ ಪಾಚಿಯಲ್ಲ. ಸ್ಪೇನಿನದೂ ಅಲ್ಲ. ಅನಾನಸಿನ ಕುಟುಂಬಕ್ಕೆ ಸೇರಿದ, ಹೂ ಬಿಡುವ ಗಿಡ. ಬೇರಿಲ್ಲದೆ, ಮರದ ರಸ ಹೀರದೆ, ಗಾಳಿಯ ತೇವ ಮತ್ತು ಮಳೆನೀರಿನಲ್ಲೇ ಬದುಕುತ್ತದೆ. ಮಗಳು ಫೋನಿನಲ್ಲಿ ಓದಿ ಹೇಳಿದಾಗ ಅಪ್ಪಯ್ಯ ನಂಬಲಿಲ್ಲ. ಬಿದ್ದಿದ್ದ ಒಂದೆಳೆ ಎತ್ತಿ ಉಗುರಿನಿಂದ ಕೆರೆದರು. ಬೂದು ಪೊರೆ ಹೋಗಿ ಒಳಗೆ ಹಸಿರು ಕಂಡಿತು. ನೀರಲ್ಲಿ ಅದ್ದಿದರು. ಎಳೆ ನೋಡನೋಡುತ್ತಲೇ ಹಸಿರಾಯಿತು. "ಬಂದಳಿಕೆ ಅಲ್ಲ ಹಾಗಾದ್ರೆ," ಎಂದರು. ಅಡಿಕೆ ತೋಟದವರಿಗೆ ಮರದ ಮೇಲೆ ಬೆಳೆಯುವುದೆಲ್ಲ ಶತ್ರುವೋ ಅತಿಥಿಯೋ ಎಂದು ತಿಳಿದುಕೊಳ್ಳಬೇಕು. ಇದು ಸೀತಾಳೆ ದಂಡೆಯ ಹಾಗೆ ಬರೀ ಅತಿಥಿ.

ಅವಲಕ್ಕಿ, ಮೊಸರು, ಚಹಾ ಆದ ಮೇಲೆ ಒಳಗಿನ ಬಸ್ ಹತ್ತಿದೆವು. ಇಲ್ಲಿ ಬಹಳ ಜನ ಗಾಲ್ಫ್ ಕಾರ್ಟಿನಲ್ಲಿ ಓಡಾಡುತ್ತಾರೆ. ನಮಗೂ ಒಂದು ಬೇಕಿತ್ತು, ಆದರೆ ಬಾಡಿಗೆಯವು ಯಾವತ್ತೋ ಖಾಲಿಯಾಗಿದ್ದವು. ಬಸ್ಸೇ ಸಾಕಾಯಿತು. ದಾರಿಯುದ್ದಕ್ಕೂ ಬಿಡಾರಗಳಿಗೆ ಆಗಲೇ ಕ್ರಿಸ್‌ಮಸ್ ಅಲಂಕಾರ ಮಾಡಿದ್ದರು. ದೀಪದ ಸರ, ಗಾಳಿ ತುಂಬಿದ ಗೊಂಬೆ, ಕಾರ್ಟುಗಳಿಗೂ ತೋರಣ. ವರ್ಷವರ್ಷವೂ ಅದೇ ವಾರ, ಸಾಧ್ಯವಾದರೆ ಅದೇ ಜಾಗಕ್ಕೆ ಬರುವ ಕುಟುಂಬಗಳು ಇವು. ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗಿ ಮಾತಾಡಿಸುತ್ತಾರೆ. ಜಾತ್ರೆಯ ಪೇಟೆಗೆ ವರ್ಷಕ್ಕೊಮ್ಮೆ ಬಂದು ಸೇರುವ ನೆಂಟರ ಹಾಗೆ.

ಕೆರೆಯ ಬದಿಯ ಹಳ್ಳಿಗೆ ಸೆಟಲ್‌ಮೆಂಟ್ ಎನ್ನುತ್ತಾರೆ. ಅಲ್ಲಿ ಟ್ರೈ-ಸರ್ಕಲ್-ಡಿ ಎಂಬ ಕುದುರೆಲಾಯ. ಮ್ಯಾಜಿಕ್ ಕಿಂಗ್‌ಡಮ್‌ನ ಬೀದಿಯಲ್ಲಿ ಟ್ರಾಲಿ ಎಳೆಯುವ ಕುದುರೆಗಳ ಮನೆ ಇದೇ. ನೋಡಲು ದುಡ್ಡಿಲ್ಲ. ಪರ್ಶರಾನ್ ತಳಿಯ ಒಂದು ಬೂದು ಕುದುರೆ ಕಟಕಟೆಯಿಂದ ಕತ್ತು ಹೊರಹಾಕಿ ನಿಂತಿತ್ತು. ಟನ್ನಿನ ಹತ್ತಿರದ ತೂಕ. ಗೊರಸು ಊಟದ ತಟ್ಟೆಯಷ್ಟು. ಅಪ್ಪಯ್ಯ ಒಂದು ಮಾರು ದೂರ ನಿಂತು, ಎತ್ತಿನ ಹಲ್ಲು ನೋಡುವವರ ಕಣ್ಣಿನಲ್ಲಿ ಅದರ ಎದೆ, ಕಾಲು, ಬೆನ್ನು ನೋಡಿದರು. ನೋಡಿಕೊಳ್ಳುವ ಹುಡುಗಿಯನ್ನು ಏನೇನೋ ಕೇಳಿದರು. ದಿನಕ್ಕೆ ಎಷ್ಟು ಹುಲ್ಲು? ಲಾಳ ಯಾವಾಗ ಬದಲಿಸುತ್ತೀರಿ? ವಯಸ್ಸಾದ ಮೇಲೆ ಎಲ್ಲಿಗೆ ಕಳಿಸುತ್ತೀರಿ? ಮಗಳು ದುಭಾಷಿ. ಒಂದು ಗಂಟೆ ಅಲ್ಲೇ ಕಳೆಯಿತು, ಮತ್ತು ಆ ಒಂದು ಗಂಟೆ ಅಪ್ಪಯ್ಯನಿಗೆ ಮೊಣಕಾಲಿನ ನೆನಪಿರಲಿಲ್ಲ.

ಸಂಜೆ ಬಯಲಿನಲ್ಲಿ ಡಿಸ್ನಿ ಕಾರ್ಟೂನಿನ ಚಿಪ್ ಮತ್ತು ಡೇಲ್ ಎಂಬ ಎರಡು ಅಳಿಲಿನಂಥ ಚಿಪ್‌ಮಂಕ್‌ಗಳ ಹಾಡಿನ ಕೂಟ. ಬೆಂಕಿ ಹಾಕಿರುತ್ತಾರೆ, ಒಬ್ಬರು ಗಿಟಾರ್ ಹಿಡಿದು ಹಾಡಿಸುತ್ತಾರೆ. ವೇಷದ ಚಿಪ್, ಡೇಲ್ ಮಕ್ಕಳ ನಡುವೆ ಓಡಾಡುತ್ತವೆ. ಇದಕ್ಕೂ ದುಡ್ಡಿಲ್ಲ. ಕಪ್ಪು ಮೂಗಿನದು ಚಿಪ್, ಕೆಂಪು ಮೂಗಿನದು ಡೇಲ್ ಎಂದು ಮಗ ಅಜ್ಜನಿಗೆ ಪಾಠ ಮಾಡಿದ. ಅಜ್ಜ ಅದರ ಬೆನ್ನಿನ ಪಟ್ಟೆ ನೋಡಿ, "ಮಾಣಿ, ಅಳಿಲಿಗೆ ಈ ಗೆರೆ ಯಾರು ಎಳೆದದ್ದು ಗೊತ್ತಿದ್ದ?" ಎಂದು ಶುರುಮಾಡಿದರು. ಸೇತುವೆಗೆ ಮರಳು ತಂದು ಸುರಿದ ಅಳಿಲು, ಅದರ ಬೆನ್ನು ಸವರಿದ ರಾಮನ ಮೂರು ಬೆರಳು. ಕತೆ ಮುಗಿಯುವ ಹೊತ್ತಿಗೆ ಡೇಲ್ ನಮ್ಮ ಬೆಂಚಿನ ಬಳಿ ಬಂದಿತ್ತು. ಮಗ ಅದರ ಬೆನ್ನ ಮೇಲೆ ಮೂರು ಬೆರಳು ಎಳೆದ. ವೇಷದೊಳಗಿದ್ದವರಿಗೆ ಏನೂ ಗೊತ್ತಾಗಿರಲಾರದು. ಆದರೂ ತಿರುಗಿ ಅವನಿಗೆ ಕೈಮುಗಿದರು. ನನಗೆ ಕಣ್ಣು ತುಂಬಿ ಬಂತು.

ಆ ಬೆಂಕಿಯಲ್ಲಿ ಮಕ್ಕಳು ಸುಟ್ಟು ತಿನ್ನುವ ಮೆತ್ತನೆಯ ಮಿಠಾಯಿ ಮಾರ್ಶ್‌ಮೆಲೋಗಳಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ನಾವು ಸಸ್ಯಾಹಾರಿಗಳದ್ದನ್ನು ಮನೆಯಿಂದಲೇ ಒಯ್ದಿದ್ದೆವು. ಕಡ್ಡಿಗೆ ಸಿಕ್ಕಿಸಿ ಬೆಂಕಿಗೆ ಹಿಡಿದರೆ ಸ್ವಲ್ಪ ನಿಧಾನವಾಗಿ ಕಂದುತ್ತದೆ, ಅಷ್ಟೇ ವ್ಯತ್ಯಾಸ. ಇಂಥ ಜಾಗಕ್ಕೆ ಬರುವ ನಮ್ಮವರು ಇದೊಂದನ್ನು ಮರೆಯದೆ ತನ್ನಿ. ಉಳಿದ ಮಕ್ಕಳೆಲ್ಲ ಸುಡುತ್ತಿರುವಾಗ ನಮ್ಮ ಮಕ್ಕಳು ಬರಿಗೈಲಿ ಕೂರಬಾರದು.

ಮಂಗಳವಾರ

ಈ ದಿನದ ಬಗ್ಗೆ ಹೆಚ್ಚು ಬರೆಯುತ್ತೇನೆ.

ಬೆಳಗ್ಗೆ ಕೆರೆಯ ಹಿನ್ನೀರಿನ ಬದಿಗೆ ನಡೆದೆವು. ನೆಲ ಜೌಗು. ನೀರಿನಲ್ಲಿ ನಿಂತ ಬೋಳು ಸೈಪ್ರಸ್ ಮರಗಳು. ಸೂಚಿಪರ್ಣಿ ಜಾತಿಯದಾದರೂ ಚಳಿಗಾಲಕ್ಕೆ ಎಲೆ ಉದುರಿಸುವ ಮರ ಇದು. ಆಗಲೇ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಬುಡದ ಸುತ್ತ ನೆಲದಿಂದ ಮೊಣಕಾಲೆತ್ತರದ ಮೊಂಡು ಗೂಟಗಳು ಹತ್ತಾರು ಎದ್ದು ನಿಂತಿದ್ದವು. ಬೇರಿನಿಂದಲೇ ಮೇಲೆದ್ದ ಗೂಟಗಳು. ಇಂಗ್ಲಿಷಿನವರೂ ಇವಕ್ಕೆ ಮೊಣಕಾಲು ಎಂದೇ ಹೆಸರಿಟ್ಟಿದ್ದಾರೆ.

ಅಪ್ಪಯ್ಯ ಅಲ್ಲೇ ನಿಂತುಬಿಟ್ಟರು. "ಇದು ನಮ್ಮ ರಾಮಪತ್ರೆ ಜಡ್ಡಿ ಇದ್ದಾಂಗೇ ಇದ್ದು," ಎಂದರು ಮೆಲ್ಲಗೆ.

ನಮ್ಮ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಇಂಥ ಜಡ್ಡಿ, ಅಂದರೆ ಜೌಗು ಕಾಡಿದೆ. ಕಾಡುಜಾಯಿಕಾಯಿ ಜಾತಿಯ ಮರಗಳು ವರ್ಷವಿಡೀ ಹರಿಯುವ ನೀರಿನಲ್ಲಿ ನಿಂತು, ಬೇರನ್ನು ಮೊಣಕಾಲಿನಂತೆ ಮಡಚಿ ಕೆಸರಿನಿಂದ ಮೇಲೆತ್ತುತ್ತವೆ. ಸಿಂಗಳೀಕಗಳು ಓಡಾಡುವ ಕಾಡು. ಅಪ್ಪಯ್ಯ ಹುಡುಗನಾಗಿದ್ದಾಗ ಅಲ್ಲೆಲ್ಲ ಅಲೆದವರು. "ಬೇರು ಉಸಿರಾಡಲೆ ಮೇಲೆ ಬತ್ತು," ಎಂದು ಮೊಮ್ಮಕ್ಕಳಿಗೆ ವಿವರಿಸಿದರು. ಕೆಸರಿನಲ್ಲಿ ಗಾಳಿಯಿಲ್ಲ, ಆದ್ದರಿಂದ ಬೇರು ಮೂಗು ಮೇಲೆತ್ತುತ್ತದೆ. ಸೈಪ್ರಸ್ಸಿನ ವಿಷಯದಲ್ಲೂ ಬಹುಕಾಲ ಹಾಗೇ ನಂಬಿದ್ದರಂತೆ. ಆದರೆ ಆ ಗೂಟಗಳು ಉಸಿರಾಟಕ್ಕೋ, ಮೆತ್ತನೆ ನೆಲದಲ್ಲಿ ಮರ ಬೀಳದಂತೆ ಆಸರೆಗೋ ಎಂಬುದರಲ್ಲಿ ವಿಜ್ಞಾನಿಗಳಿಗೆ ಇನ್ನೂ ಒಮ್ಮತವಿಲ್ಲ ಎಂದು ಮಗಳು ಓದಿ ಹೇಳಿದಳು. ಅಪ್ಪಯ್ಯ ಬಗ್ಗಿ ಒಂದು ಗೂಟವನ್ನು ಅಂಗೈಯಲ್ಲಿ ಹಿಡಿದರು. ಮಳೆಗೆ ನುಣುಪಾದ, ತುದಿಯಲ್ಲಿ ಕೆಂಪಗೆ ಸಿಪ್ಪೆ ಸುಲಿದ, ಮುದುಕರ ಮಂಡಿಚಿಪ್ಪಿನಂಥದೇ ಗಂಟು. ಇನ್ನೊಂದು ಕೈ ತಮ್ಮ ಮೊಣಕಾಲಿನ ಮೇಲಿತ್ತು. ಹೀಗೆ ಎಷ್ಟೋ ಹೊತ್ತು.

ನೀರಿನಂಚಿನಲ್ಲಿ ಅಲ್ಲಲ್ಲಿ ಫಲಕಗಳಿವೆ: ಮೊಸಳೆ, ಹಾವು ಇವೆ, ನೀರಿನಿಂದ ದೂರವಿರಿ, ಪ್ರಾಣಿಗಳಿಗೆ ತಿನ್ನಿಸಬೇಡಿ. ಕೆರೆಯಲ್ಲಿ ಈಜುವಂತಿಲ್ಲ. ಮಕ್ಕಳಿರುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ದಾಂಡೇಲಿಯ ಕಾಳಿ ನದಿಯ ಮೊಸಳೆಗಳನ್ನು ಕಂಡ ನಮಗೆ ಎರಡನೇ ಸಲ ಹೇಳಿಸಿಕೊಳ್ಳುವ ಅಗತ್ಯವಿರಲಿಲ್ಲ. ಈಜಲು ಬೇರೆ ಕೊಳವಿದೆ, ಬಿಸಿ ಮಾಡಿದ ನೀರು.

ಮಧ್ಯಾಹ್ನ ದೋಣಿ ಹತ್ತಿದೆವು. ಬಿಡಾರದ ಕಟ್ಟೆಯಿಂದ ಮ್ಯಾಜಿಕ್ ಕಿಂಗ್‌ಡಮ್‌ನ ಕಟ್ಟೆಗೆ ಬಿಟ್ಟಿ ಸವಾರಿ. ಬೇ ಲೇಕ್ ಮೊದಲಿನಿಂದಲೂ ಇದ್ದ ಕೆರೆ. ಅದರಾಚೆಯ ಸೆವೆನ್ ಸೀಸ್ ಲಗೂನ್ ಮಾತ್ರ ಡಿಸ್ನಿಯವರು ತೋಡಿಸಿದ್ದು. ತೋಡಿದ ಮಣ್ಣಿನಿಂದಲೇ ಮ್ಯಾಜಿಕ್ ಕಿಂಗ್‌ಡಮ್‌ನ ನೆಲ ಎತ್ತರಿಸಿದರು. ಎರಡನ್ನೂ ಕೂಡಿಸುವ ಕಾಲುವೆ ಒಂದು ರಸ್ತೆಯ ಮೇಲೆ ಹಾಯುತ್ತದೆ. ಅಂದರೆ ಸೇತುವೆಯ ಮೇಲೆ ನೀರು, ಕೆಳಗೆ ಕಾರು. ದೋಣಿ ಅದರ ಮೇಲೆ ಹೋಗುವಾಗ ಮಗ ಎದ್ದುನಿಂತು ಕೆಳಗಿನ ಕಾರುಗಳಿಗೆ ಕೈಬೀಸಿದ.

ಇಳಿದದ್ದು ಪಾರ್ಕಿನ ಬಾಗಿಲೆದುರೇ. ಜನ ಟಿಕೆಟ್ ಮುಟ್ಟಿಸಿ ಒಳಗೆ ಹೋಗುತ್ತಿದ್ದರು. ಒಳಗಿಂದ ಸಂಗೀತ ಬರುತ್ತಿತ್ತು. ಮಗನಿಗೆ ಬೇಸರವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅವನು ನನ್ನ ಕೈ ಬಿಟ್ಟು, ಹತ್ತು ಹೆಜ್ಜೆ ಮುಂದೆ ಹೋಗಿ, ಕಂಬಿಯ ಹತ್ತಿರ ನಿಂತ. ನಾನು ಕರೆಯಲಿಲ್ಲ. ಇವರೂ ಸುಮ್ಮನಿದ್ದರು. ಆ ಕಡೆ ಕರೆದುಕೊಂಡು ಬಂದದ್ದೇ ತಪ್ಪಾಯಿತೇನೋ ಅನ್ನಿಸಿತು. ಆಯಿ ಹೋಗಿ ಪಕ್ಕದಲ್ಲಿ ನಿಂತರು. ಏನೂ ಹೇಳಲಿಲ್ಲ, ಸೆರಗಿನ ಗಂಟು ಬಿಚ್ಚಿ ಬೇಯಿಸಿದ ಶೇಂಗಾ ಕೊಟ್ಟರು. ಇಬ್ಬರೂ ಸುಲಿದು ತಿಂದರು. ಆಮೇಲೆ ಅವನೇ ಬಂದು, "ಮಾನೊರೈಲ್ ಎಲ್ಲಿ?" ಎಂದು ಕೇಳಿದ.

ಮಾನೊರೈಲೂ ಬಿಟ್ಟಿಯೇ. ಮುಂದಿನ ನಿಲ್ದಾಣವಾದ ಕಂಟೆಂಪರರಿ ಹೋಟೆಲಿನಲ್ಲಿ ಇಳಿದೆವು. ರೈಲು ಕಟ್ಟಡದ ಹೊಟ್ಟೆಯೊಳಗೇ ನುಗ್ಗಿ ನಿಲ್ಲುತ್ತದೆ. ಅಲ್ಲಿ ಮೇರಿ ಬ್ಲೇರ್ ಎಂಬ ಕಲಾವಿದೆ ರೂಪಿಸಿದ 90 ಅಡಿ ಎತ್ತರದ ಹೆಂಚುಚಿತ್ರವಿದೆ. ಹೋಟೆಲ್ ತೆರೆದ 1971ರಿಂದಲೂ ಇರುವಂಥದು. ಗ್ರ್ಯಾಂಡ್ ಕ್ಯಾನ್ಯನ್‌ನ ಮಕ್ಕಳು, ಹಕ್ಕಿಗಳು, ಪ್ರಾಣಿಗಳು. ಅದರಲ್ಲಿ ಒಂದು ಮೇಕೆಗೆ ಮಾತ್ರ ಐದು ಕಾಲು. ಹುಡುಕುವ ಪಂದ್ಯ ಕಟ್ಟಿದೆವು. ಗೆದ್ದದ್ದು ಆಯಿ. ಮನೆಯಲ್ಲಿ ದಿನಾ ಅಕ್ಕಿಯಲ್ಲಿ ಕಲ್ಲು ಆರಿಸುವ ಕಣ್ಣು ಅದು.

ರಾತ್ರಿ ಬಿಡಾರದ ಕೆರೆದಂಡೆಯಲ್ಲಿ ಕೂತೆವು. ಎಲೆಕ್ಟ್ರಿಕಲ್ ವಾಟರ್ ಪೇಜೆಂಟ್ ಎಂದು ಹೆಸರು. 1971ರ ಅಕ್ಟೋಬರಿನಿಂದ ನಡೆದು ಬಂದದ್ದು. ಹದಿನಾಲ್ಕು ತೆಪ್ಪಗಳ ಮೇಲೆ ದೀಪದಲ್ಲಿ ಮಾಡಿದ ಸಮುದ್ರಸರ್ಪ, ತಿಮಿಂಗಿಲ, ಆಮೆ, ಆಕ್ಟೋಪಸ್ ಕತ್ತಲೆಯ ನೀರಿನಲ್ಲಿ ಸಾಲಾಗಿ ಸಾಗುತ್ತವೆ. ಪ್ರತಿಬಿಂಬ ನಮ್ಮ ಕಾಲ ಬಳಿಯವರೆಗೂ ಬರುತ್ತದೆ. ಈಗಿನ ಕಾಲಕ್ಕೆ ಸರಳ ಎನ್ನಿಸಬಹುದು. ನನಗೆ ಅದೇ ಇಷ್ಟವಾಯಿತು. ಆಯಿ "ತೆಪ್ಪೋತ್ಸವ" ಎಂದರು, ಅಭ್ಯಾಸಬಲದಿಂದ ಕೈ ಮುಗಿದರು. ಪಕ್ಕದಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಆಯಿಯನ್ನು ನೋಡಿ ತಾನೂ ಮುಗಿದಳು.

ನಡುರಾತ್ರಿ ಮಳೆ ಬಂತು.

ಬುಧವಾರ

ಮೂರು ಗಂಟೆಗೆ ಮಗಳು ಎಬ್ಬಿಸಿದಳು. ಅವಳ ಹಾಸಿಗೆಯ ಕೆಳಗೆ ನೀರು. ಟೆಂಟಿನ ಅಡಿಗೆ ಹಾಸಿದ್ದ ಟಾರ್ಪಾಲು ಟೆಂಟಿಗಿಂತ ಒಂದು ಗೇಣು ಹೊರಗೆ ಚಾಚಿಕೊಂಡಿತ್ತು. ಮೇಲಿಂದ ಇಳಿದ ಮಳೆನೀರನ್ನೆಲ್ಲ ಅದೇ ಹಿಡಿದು ಟೆಂಟಿನ ಅಡಿಗೆ ತಂದಿತ್ತು. ಟಾರ್ಪಾಲಿನ ಅಂಚು ಯಾವಾಗಲೂ ಟೆಂಟಿನೊಳಗೇ ಮಡಚಿರಬೇಕು. ಹೊಸದಾಗಿ ಟೆಂಟು ಕೊಂಡವರು ಇದೊಂದನ್ನು ನೆನಪಿಡಿ. ಅಪ್ಪಯ್ಯ ಆಯಿ ಮಂಚದ ಮೇಲಿದ್ದುದರಿಂದ ಒದ್ದೆಯಾಗಲಿಲ್ಲ. ಆದರೆ ಚಳಿ ಹತ್ತು ಡಿಗ್ರಿಗೆ ಇಳಿದಿತ್ತು. ಇಬ್ಬರನ್ನೂ ಕಾರಿನಲ್ಲಿ ಕೂರಿಸಿ ಹೀಟರ್ ಹಾಕಿದೆ. ಆಯಿಯ ಕೈ ನಡುಗುವುದನ್ನು ನೋಡಿ ನನಗೆ ತಪ್ಪಿತಸ್ಥ ಭಾವ. ಎಪ್ಪತ್ತು ದಾಟಿದವರನ್ನು ಟೆಂಟಿಗೆ ಕರೆತಂದೆನಲ್ಲ ಎಂದು.

ಆ ಹೊತ್ತಿಗೆ ಪಕ್ಕದ ಬಿಡಾರದ ಹಿರಿಯರು ತಲೆಗೆ ದೀಪ ಕಟ್ಟಿಕೊಂಡು ಬಂದರು. ಯಾರೂ ಕರೆದಿರಲಿಲ್ಲ. ನಮ್ಮ ಯಜಮಾನರ ಜೊತೆ ಸೇರಿ ಟಾರ್ಪಾಲಿನ ಅಂಚುಗಳನ್ನು ಒಳಕ್ಕೆ ಮಡಚಿದರು. ಮರದಿಂದ ಮರಕ್ಕೆ ಇನ್ನೊಂದು ಟಾರ್ಪಾಲು ಕಟ್ಟಿ, ನೀರು ಆಚೆ ಹರಿಯುವಂತೆ ಕೋಲಿನಿಂದ ಕಾಲುವೆ ಗೀಚಿದರು. ಅವರ ಮಡದಿ ಬಿಸಿ ಚಾಕಲೇಟು ತಂದುಕೊಟ್ಟರು. ಬೆಳಗ್ಗೆ ಒದ್ದೆ ಹಾಸಿಗೆಗಳನ್ನೆಲ್ಲ ಸ್ನಾನದ ಮನೆಯ ಯಂತ್ರದಲ್ಲಿ ಒಣಗಿಸಿದೆವು. ಹನ್ನೊಂದಕ್ಕೆ ಬಿಸಿಲು ಬಂದು ಮರಳು ಹೀರಿಕೊಂಡಿತು, ಮಳೆ ಬಂದ ಗುರುತೇ ಇಲ್ಲ.

ಆ ಹಿರಿಯರು ಇಲ್ಲಿಗೆ ಮೊದಲು ಬಂದದ್ದು 1975ರಲ್ಲಿ, ಹತ್ತು ವರ್ಷದ ಹುಡುಗನಾಗಿ. ಮಧ್ಯಾಹ್ನ ನಮ್ಮನ್ನು ಕರೆದುಕೊಂಡು ಸುತ್ತಾಡಿಸಿದರು. ಆಗ ಈ ಕಾಡಿನ ಸುತ್ತ ಉಗಿ ರೈಲು ಓಡುತ್ತಿತ್ತಂತೆ. ಫೋರ್ಟ್ ವೈಲ್ಡರ್‌ನೆಸ್ ರೈಲು 1973ರಲ್ಲಿ ಶುರುವಾಗಿ 1980ರಲ್ಲಿ ನಿಂತಿತು. 30 ಅಂಗುಲದ ಹಳಿ, ನಾಲ್ಕು ಎಂಜಿನ್. ಈಗ ಹಳಿಯಿಲ್ಲ. ಪೊದೆಗಳ ನಡುವೆ ನೇರ ಹೋಗುವ ಏರಿಯೊಂದನ್ನು ತೋರಿಸಿ, ಇಲ್ಲಿ ಕೂತು ಅಪ್ಪನ ತೋಳು ಹಿಡಿದುಕೊಂಡಿದ್ದೆ ಎಂದರು. ಕೆರೆದಂಡೆಯ ಇನ್ನೊಂದು ಬದಿಗೆ ರಿವರ್ ಕಂಟ್ರಿ. ಡಿಸ್ನಿಯ ಮೊಟ್ಟಮೊದಲ ಜಲಕ್ರೀಡೆಯ ಪಾರ್ಕು, 1976ರ ಜೂನಿನಲ್ಲಿ ತೆರೆದದ್ದು. 2001ರ ನಂತರ ಮತ್ತೆ ತೆರೆಯಲೇ ಇಲ್ಲ. ಎಷ್ಟೋ ವರ್ಷ ಬಳ್ಳಿ ಹಬ್ಬಿಕೊಂಡು ಪಾಳುಬಿದ್ದು, ಕೊನೆಗೆ ಕೆಡವಿದರು. ಈಗ ಅಲ್ಲಿ ಹೊಸ ವಸತಿಗೃಹ ಏಳುತ್ತಿದೆ, 2027ಕ್ಕೆ ತೆರೆಯುವುದಾಗಿ ಕಂಪನಿ ಹೇಳಿದೆ. ಅವರು ಬೇಲಿಯ ಆಚೆ ಕೈ ತೋರಿಸಿ, ಜಾರುಬಂಡೆ ಅಲ್ಲಿತ್ತು, ಅಮ್ಮ ಟವೆಲು ಹಿಡಿದು ನಿಲ್ಲುತ್ತಿದ್ದುದು ಇಲ್ಲಿ ಎಂದರು. ಅಪ್ಪಯ್ಯನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಆದರೆ ಮಗಳು ಅನುವಾದಿಸುವ ಮೊದಲೇ ತಲೆಯಾಡಿಸಿದರು. ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದ ಅಜ್ಜನ ಮನೆಯನ್ನು ಅವರೂ ನಮಗೆ ಹೀಗೆಯೇ ಬೆರಳು ಚಾಚಿ ತೋರಿಸುತ್ತಿದ್ದರು.

ಸಂಜೆ ಆಯಿ ಇದ್ದಿಲೊಲೆ ತಮ್ಮ ವಶಕ್ಕೆ ತೆಗೆದುಕೊಂಡರು. ಇಲ್ಲಿ ನೆಲದ ಮೇಲೆ ಬೆಂಕಿ ಹಾಕುವಂತಿಲ್ಲ. ಕೆಂಡ ಬೂದಿ ಮುಚ್ಚುವವರೆಗೆ ಕಾದರು. ಗೆಣಸನ್ನು ಕೆಂಡದೊಳಗೆ ಹೂತರು. ಊರಿಂದ ತಂದ ಹಲಸಿನ ಹಪ್ಪಳವನ್ನು ಬರಿಬೆರಳಿನಲ್ಲಿ ಹಿಡಿದು, ಕೆಂಡದ ಮೇಲೆ ಆಡಿಸುತ್ತ ಸುಟ್ಟರು. ಅಂಚು ಮೊದಲು ಮುದುಡುತ್ತದೆ, ನಡುವೆ ಬಿಳಿ ಗುಳ್ಳೆ ಏಳುತ್ತದೆ, ಒಂದು ಕ್ಷಣ ತಡವಾದರೂ ಕರಕು. ಹಸಿ ಕಾಯಿತುರಿ ಇಟ್ಟು ಪಕ್ಕದವರಿಗೆ ಹತ್ತು ಹಪ್ಪಳ ಕಳಿಸಿದರು. ಅವರು ಬಂದು ಮತ್ತೆ ಕೇಳಿದರು. ಆಯಿಗೆ ಅದಕ್ಕಿಂತ ದೊಡ್ಡ ಸಂತೋಷ ಈ ದೇಶದಲ್ಲಿ ಇನ್ನೊಂದು ಸಿಕ್ಕಿರಲಿಕ್ಕಿಲ್ಲ.

ರಾತ್ರಿ ದಂಡೆಯಿಂದ ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯ ಮೇಲಿನ ಬಾಣಬಿರುಸು ನೋಡಿದೆವು. ಮರಗಳ ತಲೆಯ ಮೇಲೆ ಬೆಳಕು ಅರಳುತ್ತದೆ, ಸದ್ದು ತಡವಾಗಿ ಬರುತ್ತದೆ. ಅಜ್ಜ ಮಗನಿಗೆ ಎಣಿಸಲು ಹೇಳಿದರು. ಊರಲ್ಲಿ ಮಿಂಚು ಕಂಡಾಗ ಎಣಿಸುವ ಹಾಗೆ. ಒಂದು, ಎರಡು... ಆರಕ್ಕೆ ಸದ್ದು. ಮೂರು ಸೆಕೆಂಡಿಗೊಂದು ಕಿಲೋಮೀಟರು. "ಹಾಗಾದ್ರೆ ಕೋಟೆ ಎರಡು ಕಿಲೋಮೀಟರ್ ದೂರ!" ಎಂದು ಮಗ ಕುಣಿದ. ಮುಗಿಯುವವರೆಗೂ ಪ್ರತಿಯೊಂದನ್ನೂ ಎಣಿಸಿದ.

ಗುರುವಾರ

ಹನ್ನೊಂದಕ್ಕೆ ಜಾಗ ಬಿಡಬೇಕು. ಟೆಂಟು ಬಿಚ್ಚಿ, ಮರಳು ಕೊಡವಿ, ಗೂಟಗಳನ್ನು ಎಣಿಸಿ ಚೀಲಕ್ಕೆ ಹಾಕಿದೆವು. ಒಂದು ಕಡಿಮೆ ಬಂತು. ಅಪ್ಪಯ್ಯ ಕೋಲಿನಿಂದ ಮರಳು ಕೆದಕಿ ಹುಡುಕಿ ತಂದರು. ಪಕ್ಕದವರು ಸೇಬಿನ ಪೈ ಕೊಟ್ಟರು, ಆಯಿ ಉಳಿದ ಹಪ್ಪಳದ ಕಟ್ಟನ್ನೇ ಕೊಟ್ಟರು. ಸುಡುವುದು ಹೇಗೆಂದು ಕೈಸನ್ನೆಯಲ್ಲೇ ತೋರಿಸಿದರು.

ಹೆದ್ದಾರಿ ಹತ್ತುವ ಮೊದಲೇ ಅಪ್ಪಯ್ಯ ಸಿದ್ದಾಪುರಕ್ಕೆ ಫೋನ್ ಮಾಡಿಸಿದರು. ಅಲ್ಲಿ ರಾತ್ರಿ ಒಂಬತ್ತೂವರೆ. ಎತ್ತಿದವರು ಚಿಕ್ಕಪ್ಪ. ಡಿಸ್ನಿ ಹೇಗಿತ್ತು ಎಂದು ಕೇಳಿದ್ದು ನಮಗೂ ಕೇಳಿಸಿತು.

"ಇಲ್ಲೂ ಒಂದು ಜಡ್ಡಿ ಇದ್ದು," ಎಂದು ಅಪ್ಪಯ್ಯ ಶುರುಮಾಡಿದರು. ಬೇರಿನ ಗೂಟ ಎಷ್ಟೆತ್ತರ, ಎಲೆ ಯಾವ ಬಣ್ಣ, ನೀರು ಕಪ್ಪಗಿದ್ದರೂ ವಾಸನೆಯಿಲ್ಲ, ಕುದುರೆಯ ಗೊರಸು ಇಷ್ಟಗಲ. ಹಿಂದಿನ ಸೀಟಿನಲ್ಲಿ ಮಗ ತನ್ನ ಮುಂಗಾಲಿನ ಪಕ್ಕ ಅಂಗೈ ಇಟ್ಟು, ಗೂಟದ ಎತ್ತರ ಸರಿಯಾಗಿ ಅಳೆದು ತೋರಿಸುತ್ತಿದ್ದ. ಫೋನಿನಲ್ಲಿದ್ದ ಚಿಕ್ಕಜ್ಜನಿಗೆ ಅದು ಕಾಣುವಂತಿರಲಿಲ್ಲ. "ಇನ್ನೂ ಸ್ವಲ್ಪ ಮೇಲೆ, ಅಜ್ಜ," ಎಂದು ತಿದ್ದಿದ.